ರೊಟ್ಟಿ ಕಲ್ಲಿನ ಮೇಲೆ ಎರಡು ತಟ್ಟು

ನಮ್ಮವ್ವನಿಗೆ ನಾಯಿ ಅಂದರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು, "ಪಾಪ, ನಾಯಿ ಅಂದ್ರ ಜೀವಾ ಬಿಡ್ತಿದ್ಲು ಮುದುಕಿ" ಎಂದು ಮರುಗುವುದು ಕೇಳಿದರೆ ನನಗೆ ಮೈ ಉರಿಯುತ್ತದೆ. ಇದೇ ಹೆಂಗಸರು ನಮ್ಮ ಮನೆಯೊಳಗೆ ನಾಯಿ ಕುಂಯ್ ಅಂದರೂ ಕಸಬರಿಗೆ ಹಿಡಿದು ಜಗಳಕ್ಕೆ ಬರುತ್ತಿದ್ದರು.

ಮಟಮಾರಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಗಾಲಿಗೆ ಸಿಕ್ಕು ಹಿಂಗಾಲು ಮುರಿದುಕೊಂಡಿದ್ದ ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ, ಸ್ಕೂಟಿಯ ಮುಂದೆ ಇಟ್ಟುಕೊಂಡು ನಾನು ಮೊದಲ ಸಲ ಮನೆಗೆ ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. ರಾಯಚೂರಿನಲ್ಲಿ ನಾವಿಬ್ಬರೇ ಇದ್ದ ಎರಡು ಖೋಲಿಯ ಮನೆ ಅದು. "ಸಾಲಿ ಟೀಚರ್ ಆಗೀದಿ, ಬುದ್ಧಿ ಎಲ್ಲಿ ಒತ್ತಿ ಇಟ್ಟು ಬಂದೆವ್ವಾ? ನಾವು ಮಲ್ಕೊಳ್ಳಾಕ ಜಾಗ ಇಲ್ಲ, ಇದನ್ನ ಎಲ್ಲಿ ಮಲಗಿಸ್ತಿ, ನಿನ್ನ ತಲಿ ಮ್ಯಾಲ?" ಎಂದಳು. ನಾನೂ ಕಡಿಮೆಯವಳಲ್ಲ. "ಹೂಂ, ತಲಿ ಮ್ಯಾಲೇ ಮಲಗಿಸ್ತೀನಿ" ಎಂದು ಒಳಗೆ ನುಗ್ಗಿದೆ. ಸಂಜೆ ನೋಡಿದರೆ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ನಾಯಿಯ ಮುಂದಿತ್ತು. ಕೇಳಿದ್ದಕ್ಕೆ, "ರೊಟ್ಟಿ ಉಳಿದಿತ್ತು, ಚೆಲ್ಲಬಾರದು ಅಂತ ಹಾಕೀನಿ. ನಾಯಿ ಸಲುವಾಗಿ ಅಲ್ಲ" ಎಂದು ಮುಖ ತಿರುಗಿಸಿದಳು. ಅವ್ವನ ರೊಟ್ಟಿ ಎಂದೂ ಉಳಿಯುತ್ತಿರಲಿಲ್ಲ. ಎಣಿಸಿ ಬಡಿಯುವ ಕೈ ಅದು.

ಊರಲ್ಲಿ ನಮ್ಮದೊಂದು ಸಣ್ಣ ವಾಟ್ಸಾಪ್ ಗುಂಪಿದೆ. ಬೀದಿಯಲ್ಲಿ ಬಿದ್ದ ನಾಯಿ ಯಾರ ಕಣ್ಣಿಗಾದರೂ ಬಿದ್ದರೆ ಪಶು ಆಸ್ಪತ್ರೆಗೆ ಒಯ್ಯುತ್ತಾರೆ. ಗಾಯ ಮಾಯುವವರೆಗೆ, ಒಂದು ಕಾಯಂ ಮನೆ ಸಿಗುವವರೆಗೆ ನಮ್ಮಂಥ ಒಬ್ಬರ ಮನೆಯಲ್ಲಿ ಇಡುತ್ತಾರೆ. ಸಾಕಿ, ಹಚ್ಚಿಕೊಂಡು, ಆಮೇಲೆ ಕೊಟ್ಟು ಕಳಿಸುವುದೇ ನಮ್ಮ ಕೆಲಸ. ಕೊಡುವ ದಿನ ನಾನು ಅಳುತ್ತಿದ್ದೆ, ಅವ್ವ ಬೈಯುತ್ತಿದ್ದಳು. "ನಮ್ಮದು ಬಸ್‌ಸ್ಟ್ಯಾಂಡ್ ಇದ್ದಂಗ. ಬಸ್ ಬಂದ್ರ ಹತ್ತಿ ಹೋಗಬೇಕು" ಎನ್ನುತ್ತಿದ್ದಳು. ನಾಯಿಗಳಿಗೆ ಹೆಸರಿಡಲೂ ಬಿಡುತ್ತಿರಲಿಲ್ಲ. ಹೆಸರಿಡುವುದು ಒಯ್ಯುವವರ ಹಕ್ಕು ಎಂಬುದು ಅವಳ ವಾದ. ನಮ್ಮಲ್ಲಿ ಇರುವಷ್ಟು ದಿನ ಎಲ್ಲವೂ ಬರೀ 'ಕೂಸು'.

ಕೊಡುವ ಮುಂಚೆ ಅವ್ವನದೊಂದು ಪರೀಕ್ಷೆ ಇರುತ್ತಿತ್ತು. ಗುಂಪಿನವರು ಮನೆ ದೊಡ್ಡದಿದೆಯಾ, ಅಂಗಳ ಇದೆಯಾ ಎಂದು ವಿಚಾರಿಸುತ್ತಿದ್ದರೆ ಅವ್ವ ಅದೊಂದನ್ನೂ ಕೇಳುತ್ತಿರಲಿಲ್ಲ. ನಾಯಿ ಒಯ್ಯಲು ಬಂದವರು ಯಾರೇ ಇರಲಿ, ನಮ್ಮ ಮನೆಯಲ್ಲಿ ನೆಲದ ಮೇಲೆ ಕೂತು ಅವಳು ಬಡಿದ ಒಂದು ರೊಟ್ಟಿ ತಿನ್ನಬೇಕು. ಯಾಪಲದಿನ್ನಿಯಿಂದ ಬಂದ ವಿಭೂತಿ ಹಚ್ಚಿದ ಗೌಡರೊಬ್ಬರು ಶೇಂಗಾ ಚಟ್ನಿ ಹಚ್ಚಿಕೊಂಡು ಮೂರು ರೊಟ್ಟಿ ತಿಂದು, "ಯವ್ವಾ, ಇನ್ನೊಂದು ಚೂರು ಹಿಂಡಿ ಹಾಕು" ಎಂದು ಕೇಳಿ ಹಾಕಿಸಿಕೊಂಡರು. ಒಂದು ಕೇಳಲು ಬಂದವರಿಗೆ ಎರಡು ಮರಿ ಸಿಕ್ಕವು. ಇನ್ನೊಬ್ಬರು ಮಾನ್ವಿ ಕಡೆಯವರು, ಅಕ್ಕಿ ಗಿರಣಿಯ ಮಾಲೀಕರು, ಕಾರಿನಲ್ಲಿ ಬಂದರು. ಗೋಡೆಯ ಮೇಲಿನ ಬುದ್ಧನ ಫೋಟೋ ನೋಡಿದರು, ಅವ್ವನ ಮುಖ ನೋಡಿದರು, "ಈಗಷ್ಟೇ ಊಟ ಆಗ್ಯದ್ರಿ" ಎಂದರು. ನೀರೂ ಕುಡಿಯಲಿಲ್ಲ. "ಕೂಸಿಗೆ ಇನ್ನಾ ಗಾಯ ಮಾದಿಲ್ರೀ ಯಪ್ಪಾ" ಎಂದು ಅವ್ವ ನಯವಾಗಿ ಕಳಿಸಿಕೊಟ್ಟಳು. ಗಾಯ ಮಾದು ತಿಂಗಳಾಗಿತ್ತು. ಕಾರು ಹೋದಮೇಲೆ ನನಗೆ ಹೇಳಿದಳು: "ಇದು ನನ್ನ ಕೈಯಾಗ ತಿಂದ ಕೂಸು. ನನ್ನ ಕೈ ನೋಡಿ ಹೇಸೋರು ಇದನ್ನ ಹೆಂಗ ಮುಟ್ಟತಾರ?"

ಕುರುಡು ನಾಯಿಯೊಂದು ನಮ್ಮ ಮನೆಗೆ ಬಂದದ್ದು ಒಂದು ಬೇಸಿಗೆಯಲ್ಲಿ. ರಾಯಚೂರಿನ ಬೇಸಿಗೆ ಗೊತ್ತಲ್ಲ, ಡಾಂಬರು ಚಪ್ಪಲಿಗೆ ಹತ್ತುವ ಕಾಲ. ಗಂಜ್ ಮಾರುಕಟ್ಟೆಯ ಹತ್ತಿರ ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ ಬಿದ್ದಿತ್ತು. ಕೆಂಚು ಬಣ್ಣದ ಹೆಣ್ಣು ಮರಿ, ಎರಡೂ ಕಣ್ಣು ಕೀವಾಗಿ ಊದಿದ್ದವು. ಜೀವ ಉಳಿಯಬೇಕಾದರೆ ಕಣ್ಣು ತೆಗೆಯಲೇಬೇಕು ಎಂದರು ಡಾಕ್ಟರು. ತೆಗೆದು ಹೊಲಿಗೆ ಹಾಕಿದರು. ಮನೆಗೆ ತಂದಾಗ ಅದು ಗೋಡೆಗೆ ಮೂತಿ ಹಚ್ಚಿ ನಿಂತುಬಿಟ್ಟಿತು. ತಿರುಗಿದರೆ ಏನು ಬಡಿಯುತ್ತದೋ ಎಂಬ ಭಯ. ಬಟ್ಟಲು ಮೂಗಿನ ಹತ್ತಿರ ಹಿಡಿದರೆ ಬೆಚ್ಚಿ ಹಿಂದೆ ಸರಿಯುತ್ತಿತ್ತು. ಅವ್ವ ಆ ದಿನ ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಒಲೆಯ ಕಡೆ ಹೋದಳು.

ಅವ್ವ ರೊಟ್ಟಿ ಬಡಿಯುತ್ತಿದ್ದದ್ದು ಒಂದು ಶಹಾಬಾದ್ ಕಲ್ಲಿನ ತುಂಡಿನ ಮೇಲೆ. ಬಡಿದು ಮುಗಿದು ರೊಟ್ಟಿ ಹೆಂಚಿಗೆ ಹಾಕಿದ ಕೂಡಲೇ, ಖಾಲಿ ಕಲ್ಲಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದಳು. ಹಿಟ್ಟು ಕೊಡವುವುದಕ್ಕಲ್ಲ. ಅದು ನನ್ನನ್ನು ಕರೆಯುವ ರೀತಿ. ನಾನು ಸಣ್ಣವಳಿದ್ದಾಗ ನಾವಿದ್ದದ್ದು ಮಾನ್ವಿಯಲ್ಲಿ. ಅವ್ವ ದಿನವೆಲ್ಲ ಭತ್ತದ ನಾಟಿಗೆ ಹೋಗಿ ಬಂದಿರುತ್ತಿದ್ದಳು. ಓಣಿಯ ತಾಯಂದಿರೆಲ್ಲ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಮಕ್ಕಳನ್ನು ಕೂಗುತ್ತಿದ್ದರೆ, ಅವ್ವನಿಗೆ ಏಳುವ ತ್ರಾಣ ಇರುತ್ತಿರಲಿಲ್ಲ. ಕೂತಲ್ಲೇ ಕಲ್ಲು ತಟ್ಟುತ್ತಿದ್ದಳು. ಎಲ್ಲೇ ಆಡುತ್ತಿದ್ದರೂ ನನಗೆ ಕೇಳುತ್ತಿತ್ತು. "ಬಂದೆ ಬೇ ಯವ್ವಾ" ಎಂದು ಅಲ್ಲಿಂದಲೇ ಕೂಗಿ ಓಡಿ ಬರುತ್ತಿದ್ದೆ. ಟೀಚರಾಗಿ, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಬಂದಮೇಲೂ ಆ ತಟ್ಟು ನಿಂತಿರಲಿಲ್ಲ. ಪಕ್ಕದ ಖೋಲಿಯಲ್ಲಿ ಪೇಪರ್ ತಿದ್ದುತ್ತಾ ಕೂತಿದ್ದರೂ "ಬಂದೆ ಬೇ" ಎನ್ನುತ್ತಿದ್ದೆ.

ಕುರುಡು ಕೂಸು ಆ ತಟ್ಟನ್ನು ಕಲಿತುಬಿಟ್ಟಿತು. ಮೊದಮೊದಲು ಕಿವಿ ಮಾತ್ರ ಆಡಿಸುತ್ತಿತ್ತು. ಆಮೇಲೆ ಒಂದು ಹೆಜ್ಜೆ, ಎರಡು ಹೆಜ್ಜೆ. ಒಂದು ಸಂಜೆ ಗೋಡೆ ಬಿಟ್ಟು ನೆಟ್ಟಗೆ ಅಡುಗೆಮನೆಗೆ ನಡೆದು, ಅವ್ವನ ಮೊಣಕಾಲಿಗೆ ಮೂತಿ ತಾಗಿಸಿ ನಿಂತಿತು. ಅವ್ವ ಮೊದಲ ತುಂಡು ಅದಕ್ಕೆ ಕೊಟ್ಟಳು. ನನಗೆ ಎರಡನೆಯದು. "ಯಾಕ ಹಂಗ ನೋಡ್ತಿ? ಆಕಿ ನಿನಗಿಂತ ಮೊದಲ ಬಂದಾಳ" ಎಂದು ನಕ್ಕಳು. ಆ ಸದ್ದು ಹಿಡಿದೇ ಅದು ಮನೆಯ ಮೂಲೆ ಮೂಲೆ ಕಲಿಯಿತು. ಹೊಸ್ತಿಲು, ನೀರಿನ ಕೊಡ, ಅಂಗಳದ ಬೇವಿನ ಗಿಡ. ಒಂದು ತಿಂಗಳಲ್ಲಿ ಓಡಾಡುವುದು ನೋಡಿದರೆ ಕಣ್ಣಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಆದರೆ ಒಯ್ಯುವವರು ಬರಬೇಕಲ್ಲ? ಕಾಲಿಲ್ಲದ ನಾಯಿಯನ್ನಾದರೂ ಒಯ್ಯುತ್ತಾರೆ, ಕಣ್ಣಿಲ್ಲದ್ದು ಯಾರಿಗೂ ಬೇಡ. "ಕಾಯೂದು ಹೆಂಗ್ರೀ ಇದು?" ಎಂದು ಕೇಳುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಯಾರೂ ಬರದಿದ್ದರೆ ಇಲ್ಲೇ ಇರುತ್ತದೆ. ಅವ್ವನಿಗೂ ಹಾಗೇ ಅನ್ನಿಸಿರಬೇಕು ಎಂದುಕೊಂಡಿದ್ದೆ. ಆಗಲೇ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಹೃದಯ ದುರ್ಬಲವಾಗಿದೆ ಎಂದಿದ್ದರು ಡಾಕ್ಟರು. ನಾನು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಅವ್ವ ಹಾಕಿಕೊಂಡಿದ್ದಳು.

ದೇವದುರ್ಗದಿಂದ ಒಂದು ಜೋಡಿ ಬಂತು. ಗಂಡನದು ಮೊಬೈಲ್ ರಿಪೇರಿ ಅಂಗಡಿ. ಹೆಂಡತಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನಲ್ಲಿ ಬೆಳೆದ ಹುಡುಗಿ, ಅನ್ನ ಉಂಡ ಮನೆತನ. ಅತ್ತೆ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರಿಂದ ರೊಟ್ಟಿ ಕಲಿಸುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಪೇಟೆಯಿಂದ ಖಡಕ್ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದನಂತೆ. ನೆಲದ ಮೇಲೆ ಕೂತು ಆ ಹುಡುಗಿ ಪುಂಡಿಪಲ್ಲೆಯ ಜೊತೆ ಎರಡು ರೊಟ್ಟಿ ತಿಂದಳು. ಒಂದೇ ಕೈಯಲ್ಲಿ ಮುರಿಯಲು ಬಾರದೆ ಎರಡೂ ಕೈ ಹಚ್ಚಿದಳು. "ಅಮ್ಮಾ, ಎಂಥ ಮೆತ್ತಗ ಅದ!" ಎಂದಳು. ನಾಯಿ ಬಂದು ಅವಳ ಬಟ್ಟಲಿಗೆ ಮೂಗು ಹಾಕಿತು. ಅವಳು ಸರಿಸಲಿಲ್ಲ, ಒಂದು ತುಂಡು ಮುರಿದು ಬಾಯಿಗಿಟ್ಟಳು. ಅವ್ವ ನನ್ನ ಕಡೆ ನೋಡಿದಳು. ಪರೀಕ್ಷೆ ಮುಗಿದಿತ್ತು. ನಾನು ಎದ್ದು ಅಂಗಳಕ್ಕೆ ಹೋಗಿ ಬೇವಿನ ಗಿಡಕ್ಕೆ ಒರಗಿ ನಿಂತೆ. ಅಷ್ಟು ಸಿಟ್ಟು ನನಗೆ ಅವ್ವನ ಮೇಲೆ ಎಂದೂ ಬಂದಿರಲಿಲ್ಲ.

ಒಯ್ದ ಮರುದಿನವೇ ಫೋನು. ನಾಯಿ ಗೋಡೆಗೆ ಮೂತಿ ಹಚ್ಚಿ ನಿಂತಿದೆ, ಅನ್ನ ಮುಟ್ಟುತ್ತಿಲ್ಲ, ಹಾಲು ಮುಟ್ಟುತ್ತಿಲ್ಲ. ಮಾರನೆಯ ದಿನವೂ ಅದೇ. ಅದರ ಮರುದಿನವೂ ಅದೇ. ಹುಡುಗಿ ಅಳುತ್ತಿದ್ದಳು. "ಸಾಕು, ನಾ ಹೋಗಿ ಹೊಳ್ಳಿ ಕರ್ಕೊಂಡು ಬರ್ತೀನಿ" ಎಂದು ನಾನು ಚಪ್ಪಲಿ ಮೆಟ್ಟಿದೆ.

"ಕೂಡು" ಎಂದಳು ಅವ್ವ. "ಒಮ್ಮೆ ಹೊಳ್ಳಿ ತಂದ್ರ ಆಕಿ ಮುಂದ ಯಾರ ಮನ್ಯಾಗೂ ನಿಲ್ಲಂಗಿಲ್ಲ."

"ಇಲ್ಲೇ ಇರ್ಲಿ! ಯಾರ ಮನಿಗೂ ಹೋಗೂದು ಬ್ಯಾಡ. ನಿನಗೇನು ಭಾರ ಆಗ್ಯದ?"

ಅವ್ವ ತನ್ನ ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ಒಣ ಹಿಟ್ಟು ಗೆರೆಗಳಲ್ಲಿ ಕೂತಿತ್ತು. "ಆಕಿ ಈ ಕೈ ನಂಬಿ ಕುಂತಾಳ. ಈ ಕೈ ಎಷ್ಟು ದಿನ ಇರ್ತದ, ಹೇಳು ನೋಡೋಣು. ಕಣ್ಣಿಲ್ಲದ್ದು, ಮತ್ತೊಂದು ಕೈ ನಂಬೋದು ಈಗಲೇ ಕಲೀಲಿ." "ಕೆಟ್ಟ ಮಾತು ಯಾಕ ಆಡ್ತಿ ಬೇ?" ಎಂದು ಗದರಿ ಚಪ್ಪಲಿ ಬಿಟ್ಟೆ.

ಆ ಸಂಜೆ ಅವ್ವ ನನ್ನ ಫೋನು ಇಸಿದುಕೊಂಡು ಕಲ್ಲಿನ ಪಕ್ಕ ನೆಲದ ಮೇಲೆ ಇಟ್ಟಳು. ಆ ಕಡೆ ಹುಡುಗಿಗೂ ಹಾಗೇ ನೆಲದ ಮೇಲೆ ಇಡಲು ಹೇಳಿದಳು. ಎಸರಿಗೆ ಹಿಟ್ಟು ಹಾಕಿ, ನಾದಿ, ಬಡಿದಳು. ಹೆಂಚಿಗೆ ಹಾಕಿ ಎರಡು ಸಲ ತಟ್ಟಿದಳು. ಸ್ವಲ್ಪ ಹೊತ್ತು ಆ ಕಡೆ ಏನೂ ಸದ್ದಿಲ್ಲ. ಆಮೇಲೆ ಹುಡುಗಿ ಕಿರುಚಿದಳು: "ಅಮ್ಮಾ! ಎದ್ದು ಬಂತು! ಫೋನಿಗೆ ಮೂತಿ ಹಚ್ಚಿ ನಿಂತದ!" "ಬಾಯಿಗೆ ರೊಟ್ಟಿ ಇಡವ್ವ, ಕಿರುಚಬ್ಯಾಡ" ಎಂದಳು ಅವ್ವ. ಅಂಗಡಿಯ ಖಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟಿದ್ದಳಂತೆ. ಚಪ್ ಚಪ್ ತಿನ್ನುವ ಸದ್ದು ನಮಗೂ ಕೇಳಿಸಿತು. ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತು ಅದನ್ನೇ ಕೇಳುತ್ತಾ ಕೂತಿದ್ದಳು.

ಅಂದಿನಿಂದ ದಿನಾ ಸಂಜೆ ಫೋನು. ಕೆಲವು ದಿನಗಳಾದ ಮೇಲೆ ಹುಡುಗಿ ತಾನೂ ಒಂದು ಕಲ್ಲು ತರಿಸಿದಳು. ಅವ್ವ ಇಲ್ಲಿ ಬಡಿದಂತೆ ಅವಳು ಅಲ್ಲಿ ಬಡಿಯುತ್ತಿದ್ದಳು. ಒಬ್ಬರ ಕೈ ಒಬ್ಬರಿಗೆ ಕಾಣುತ್ತಿರಲಿಲ್ಲ. ವಿಡಿಯೋ ಹಚ್ಚಿಕೊಡುತ್ತೇನೆ ಎಂದರೆ ಅವ್ವ ಬೇಡ ಅಂದಳು. "ನೋಡಿ ಕಲಿಯೋದಲ್ಲ ಇದು. ಕೇಳಲಿ. ಹಿಟ್ಟು ಹಸಿ ಇದ್ರ ಸದ್ದು ಬ್ಯಾರೆ, ಹದ ಆದ್ರ ಬ್ಯಾರೆ." ಕಿವಿಯಲ್ಲೇ ತಪ್ಪು ಹಿಡಿಯುತ್ತಿದ್ದಳು. "ಏನವ್ವ, ಅರಿವಿ ಒಗ್ಯಾಕತ್ತೀಯೋ ರೊಟ್ಟಿ ಬಡ್ಯಾಕತ್ತೀಯೋ?" ಎಂದು ರೇಗಿಸುತ್ತಿದ್ದಳು.

"ಗುಂಡಗ ಆತೇನವ್ವ?"

"ಇಲ್ಲಮ್ಮಾ, ನಮ್ಮ ಆಂಧ್ರದ ನಕ್ಷೆ ಆಗ್ಯದ."

"ನಾಯಿ ನಕ್ಷೆ ನೋಡಂಗಿಲ್ಲ, ಹಾಕು."

ಇಬ್ಬರೂ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ನಲವತ್ತು ದಾಟಿದ ನನಗೆ ಇವತ್ತಿಗೂ ರೊಟ್ಟಿ ಬಡಿಯಲು ಬರುವುದಿಲ್ಲ. "ನೀ ಓದು, ರೊಟ್ಟಿ ನಾ ಬಡೀತೀನಿ" ಎಂದು ಅವ್ವನೇ ಎಬ್ಬಿಸಿ ಕಳಿಸಿದ್ದಳು. ನನಗೆ ಕಲಿಸದ್ದನ್ನು ಕಾಣದ ಊರಿನ ಹುಡುಗಿಗೆ ಕಲಿಸುತ್ತಿದ್ದಾಳಲ್ಲ ಎಂದು ಪೇಪರ್ ಮೇಲೆ ಕೆಂಪು ಪೆನ್ನು ಒತ್ತಿ ಒತ್ತಿ ಎಳೆಯುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನ ಕಾಲು ಊದಿದವು. ಆಸ್ಪತ್ರೆಗೆ ಸೇರಿಸಿದೆ. ಸೇರಿಸಿದ ದಿನ ಸಂಜೆ ಹೊತ್ತಿಗೆ ಸರಿಯಾಗಿ ದೇವದುರ್ಗದ ಫೋನು ಬಂತು. ನಾನು ಕಟ್ ಮಾಡಲು ಹೋದರೆ ಅವ್ವ ಕೈ ಚಾಚಿದಳು. ಮೂಗಿಗೆ ಆಕ್ಸಿಜನ್ ನಳಿಗೆ ಹಚ್ಚಿದ್ದರು, ಮಾತು ಹೊರಡುತ್ತಿರಲಿಲ್ಲ. ಫೋನು ದಿಂಬಿನ ಮೇಲೆ ಇಡಿಸಿಕೊಂಡು, ಮಂಚದ ಕಬ್ಬಿಣದ ಪಟ್ಟಿಯನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಸದ್ದು ಬೇರೆಯೇ ಆಗಿ ಬಂತು. ನಾಯಿ ಎದ್ದಿತೋ ಇಲ್ಲವೋ ನಾನು ಕೇಳಲಿಲ್ಲ. ಆಸ್ಪತ್ರೆ ಎಂದೂ ಹೇಳದೆ ಫೋನು ಇಟ್ಟುಬಿಟ್ಟೆ. ಎದ್ದಿದೆ ಎನ್ನುವಂತೆ ಅವ್ವ ಕಣ್ಣು ಮುಚ್ಚಿದಳು. ಮರುದಿನದಿಂದ ಬಂದ ಫೋನು ನಾನು ಎತ್ತಲಿಲ್ಲ. ಆ ವಾರದಲ್ಲೇ ಅವ್ವ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಕಲ್ಲು ಗೋಡೆಗೆ ಒರಗಿ ನಿಂತಿತ್ತು. ಫೋನು ಬಂದ್ ಮಾಡಿ ಕಪಾಟಿನಲ್ಲಿ ಎಸೆದೆ. ಯಾರ ಸಮಾಧಾನದ ಮಾತೂ ಬೇಡವಾಗಿತ್ತು. ಸಂಜೆಯಾದರೆ ಪಕ್ಕದ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ನಾನು ಕಿಟಕಿ ಮುಚ್ಚಿ ಕೂರುತ್ತಿದ್ದೆ. ಪಟಪಟ ಬಡಿದು ನಿಲ್ಲಿಸುತ್ತಿದ್ದರು. ಆಮೇಲಿನ ಎರಡು ತಟ್ಟು ಯಾರ ಮನೆಯಿಂದಲೂ ಬರುತ್ತಿರಲಿಲ್ಲ. ಕರೆಯುವವರಿಲ್ಲದ ಮನೆಯಲ್ಲಿ ಎಷ್ಟು ಹೊತ್ತಿಗೆ ಉಣ್ಣಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಉಣ್ಣದೆ ಮಲಗಿದ ದಿನಗಳೂ ಇದ್ದವು.

ಆಗ ಆ ನಾಯಿಯ ನೆನಪು ಹತ್ತಿಕೊಂಡಿತು. ಫೋನಿಲ್ಲ, ಅವ್ವನ ಸದ್ದಿಲ್ಲ. ಅಲ್ಲಿ ಅದು ಮತ್ತೆ ಗೋಡೆಗೆ ಮೂತಿ ಹಚ್ಚಿ ನಿಂತಿರುತ್ತದೆ. ಅವ್ವನ ಆ ಕರೆ ಗೊತ್ತಿದ್ದ ಜೀವ ಈ ಭೂಮಿಯ ಮೇಲೆ ಇನ್ನು ಎರಡೇ, ಅದು ಮತ್ತು ನಾನು. ಇಬ್ಬರೂ ಒಂದೇ ಮನೆಯಲ್ಲಿ ಹಸಿದಿದ್ದರೆ ಏನು ತಪ್ಪು? ಒಂದು ಭಾನುವಾರ ಚೀಲದಲ್ಲಿ ಅದರ ಹಳೆಯ ಹಗ್ಗ ಹಾಕಿಕೊಂಡು ದೇವದುರ್ಗದ ಬಸ್ ಹತ್ತಿದೆ. ಮುಂಚೆ ತಿಳಿಸಲಿಲ್ಲ. ತಿಳಿಸಿದರೆ ಬೇಡ ಎನ್ನುತ್ತಾರೆ. ಬೇಡ ಎಂದರೆ ಜಗಳ ಮಾಡಿಯಾದರೂ ತರುವುದು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳ ಆಡುತ್ತಾ ಹೋದೆ.

ಓಣಿ ಹುಡುಕಿಕೊಂಡು ಹೋಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಎಲ್ಲ ಮನೆಗಳಲ್ಲೂ ರೊಟ್ಟಿಯ ಹೊತ್ತು. ಮನೆ ಯಾವುದೆಂದು ಕೇಳಲು ಒಂದು ಅಂಗಡಿಯ ಮುಂದೆ ನಿಂತೆ. ಆಗ ಬಂತು ಆ ಸದ್ದು. ಬಡಿತ ಮುಗಿದು, ಒಂದು ಉಸಿರಿನಷ್ಟು ಬಿಡುವು. ಆಮೇಲೆ ಖಾಲಿ ಕಲ್ಲಿನ ಮೇಲೆ ಎರಡು ತಟ್ಟು. ಅದೇ ತೂಕ, ಅದೇ ಬಿಡುವು. ಅಂಗಡಿಯವನು "ಯಾರ ಮನಿ ಬೇಕ್ರೀ ಅಕ್ಕಾ?" ಎಂದು ಕೇಳುತ್ತಿದ್ದ. ಅವನಿಗೆ ಉತ್ತರ ಕೊಡದೆ ಸದ್ದು ಬಂದ ಕಡೆಗೆ ನಡೆದೆ.

ಬಾಗಿಲು ತೆರೆದಿತ್ತು. ಹುಡುಗಿ ಒಲೆಯ ಮುಂದೆ ಕೂತಿದ್ದಳು. ನಾಯಿ ಅವಳ ಮೊಣಕಾಲಿಗೆ ಮೂತಿ ಹಚ್ಚಿ ರೊಟ್ಟಿ ಅಗಿಯುತ್ತಿತ್ತು. ಮೈ ತುಂಬಿಕೊಂಡಿತ್ತು, ಕೆಂಚು ಕೂದಲು ಮಿರಿ ಮಿರಿ ಅನ್ನುತ್ತಿತ್ತು. ನನ್ನ ಹೆಜ್ಜೆ ಸದ್ದಿಗೆ ಒಂದು ಸಲ ಕಿವಿ ಎತ್ತಿ, ಬಾಲ ಎರಡು ಸಲ ಆಡಿಸಿ, ಮತ್ತೆ ರೊಟ್ಟಿಯ ಕಡೆ ತಿರುಗಿತು.

"ಅಯ್ಯೋ ಅಕ್ಕಾ! ಬರ್ರಿ ಬರ್ರಿ!" ಹುಡುಗಿ ಹಿಟ್ಟಿನ ಕೈಯಲ್ಲೇ ಎದ್ದಳು. ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ಇನ್ನೊಬ್ಬರನ್ನು ಹುಡುಕಿದಳು. "ಅಮ್ಮ ಬರಲಿಲ್ಲಾ? ಯಾಕ ಫೋನ್ ಹತ್ತವಲ್ದು? ಸಿಟ್ಟಾಗ್ಯಾರೇನು ನನ್ನ ಮ್ಯಾಲ? ನೋಡ್ರಿ, ಈಗ ಗುಂಡಗ ಆಗ್ತಾವ. ಅಮ್ಮಗ ತೋರಿಸ್ಬೇಕು ಅಂತ ದಿನಾ ಫೋನ್ ಮಾಡಾಕತ್ತೀನಿ." ತಟ್ಟೆಯಲ್ಲಿದ್ದ ರೊಟ್ಟಿ ಎತ್ತಿ ಎರಡೂ ಅಂಗೈ ಮೇಲೆ ಹಿಡಿದು ತೋರಿಸಿದಳು. ಚಂದಿರನಂತೆ ಗುಂಡಗಿತ್ತು.

"ಅವ್ವ ಹೋಗಿಬಿಟ್ಳವ್ವ" ಎಂದೆ.

ಅವಳು ರೊಟ್ಟಿಯನ್ನು ತಟ್ಟೆಗೆ ಇಟ್ಟಳು. ಹೆಂಚಿನ ಮೇಲೆ ಇನ್ನೊಂದು ಸೀಯುತ್ತಿತ್ತು, ಇಬ್ಬರೂ ತೆಗೆಯಲಿಲ್ಲ. "ಎಂದು?" ಎಂದಳು. ಹೇಳಿದೆ. ಆಸ್ಪತ್ರೆಯ ಮಂಚದ ಪಟ್ಟಿ ತಟ್ಟಿದ್ದನ್ನೂ ಹೇಳಿದೆ. "ಆ ದಿನ ಸದ್ದು ಬ್ಯಾರೆ ಬಂತು, ಇದು ಏಳಲಿಲ್ಲ" ಎಂದಳು, ಅಳುತ್ತಾ. "ಅದಕ್ಕ ನಾನೇ ನನ್ನ ಕಲ್ಲು ತಟ್ಟಿದೆ, ಅಕ್ಕಾ. ಅಮ್ಮ ತಟ್ಟಿದಂಗೇ. ಎದ್ದು ಬಂತು. ಅಮ್ಮಗ ಹೇಳ್ಬೇಕು ಅಂದ್ರ ನೀವು ಫೋನ್ ಇಟ್ಟುಬಿಟ್ರಿ."

ಹಗ್ಗ ಹಾಕಿದ್ದ ಚೀಲ ಇನ್ನೂ ನನ್ನ ಹೆಗಲ ಮೇಲಿತ್ತು. ನಾನು ಅದನ್ನು ಪಕ್ಕಕ್ಕೆ ಇಟ್ಟು ನೆಲದ ಮೇಲೆ ಕೂತೆ. ಹುಡುಗಿ ಸೆರಗಿನಿಂದ ಮುಖ ಒರೆಸಿಕೊಂಡು ಸೀದ ರೊಟ್ಟಿ ತೆಗೆದಳು. ಹೊಸ ಹಿಟ್ಟಿನ ಉಂಡೆ ಕಲ್ಲಿನ ಮೇಲಿಟ್ಟು ಬಡಿಯತೊಡಗಿದಳು. ಕಣ್ಣೀರು ಕಲ್ಲಿನ ಮೇಲೆಯೇ ಬೀಳುತ್ತಿತ್ತು. ಬಡಿತ ತಪ್ಪಲಿಲ್ಲ. ಎತ್ತಿ ಹೆಂಚಿಗೆ ಹಾಕಿದಳು. ಆಮೇಲೆ ಖಾಲಿ ಕಲ್ಲನ್ನು ಎರಡು ಸಲ ತಟ್ಟಿದಳು.

ನಾಯಿ ತಲೆ ಎತ್ತಿತು. "ಬಂದೆ ಬೇ ಯವ್ವಾ" ಎಂದೆ ನಾನು.